ಸಿದ್ದಗಂಗಮ್ಮ ಮೇಡಂಗೆ ತಕ್ಕ ಜಾಗ

ಗುರುವಂದನೆ ಮಾಡಲು ಗುರು ಒಬ್ಬರಿದ್ದರೆ ಸಾಕು, ಜಾಗ ಎಲ್ಲಾದರೂ ಸಿಗುತ್ತದೆ ಎಂದು ನೀವು ತಿಳಿದಿದ್ದರೆ, ಹಳೇ ವಿದ್ಯಾರ್ಥಿಗಳ ಯಾವ ವಾಟ್ಸಾಪ್ ಗುಂಪಿನಲ್ಲೂ ನೀವಿಲ್ಲ, ನೆಮ್ಮದಿಯಾಗಿದ್ದೀರಿ ಎಂದು ಅರ್ಥ. ನಮ್ಮ ಗುಂಪಿನಲ್ಲಿ ಗುರು ಯಾರು ಎಂಬುದು ಒಂದೇ ಸಂಜೆಯಲ್ಲಿ ತೀರ್ಮಾನವಾಯಿತು. ಗುಬ್ಬಿ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ಪಾಠ ಹೇಳಿದವರ ಪೈಕಿ ಇನ್ನೂ ಬದುಕಿದ್ದು, ನಮ್ಮೆಲ್ಲರ ಹೆಸರನ್ನೂ ಮರೆಯದೆ ಉಳಿದವರು ಗಣಿತದ ಸಿದ್ದಗಂಗಮ್ಮ ಮೇಡಂ ಒಬ್ಬರೇ. ಜಾಗ ಯಾವುದು ಎನ್ನುವುದಕ್ಕೆ ಮಾತ್ರ ಮೂರು ತಿಂಗಳು ಹಿಡಿಯಿತು.

ಅದಕ್ಕಾಗಿ ಒಂದು ಸ್ಥಳ ಆಯ್ಕೆ ಸಮಿತಿ ಹುಟ್ಟಿಕೊಂಡಿತು. ಅಧ್ಯಕ್ಷ ಚನ್ನೇಶ. ತುಮಕೂರಿನ ಬಟವಾಡಿಯಲ್ಲಿ ಅವನದು ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನಿನ ದೊಡ್ಡ ಅಂಗಡಿ. ಯಾವ ಸಭೆಯಲ್ಲಾದರೂ ಮೈಕ್ ಕಂಡರೆ ಅದು ತನಗೇ ಇಟ್ಟಿದ್ದು ಎಂದುಕೊಳ್ಳುವ ಆಸಾಮಿ. ಎರಡನೆಯವನು ರೇಣುಕಾಪ್ರಸಾದ, ಪಿಯು ಕಾಲೇಜಿನಲ್ಲಿ ಲೆಕ್ಚರರ್, ಮಠಕ್ಕೆ ನಡೆದುಕೊಳ್ಳುವ ಮನೆತನ, ಕೋರದ ಹತ್ತಿರ ತೆಂಗಿನ ತೋಟ. ಮೂರನೆಯವಳು ನಾನು, ಪಲ್ಲವಿ. ಮರಳೂರಿನಲ್ಲಿ ಮನೆ, ಸಹಕಾರ ಸಂಘದಲ್ಲಿ ಗುಮಾಸ್ತೆ ಕೆಲಸ. 'ಸಮಿತೀಲಿ ಒಬ್ರು ಲೇಡೀಸ್ ಇರ್ಲಿ' ಎಂದು ಯಾರೋ ಗುಂಪಿನಲ್ಲಿ ಹಾಕಿದರು, ಉಳಿದವರು ಹೆಬ್ಬೆರಳು ಎತ್ತಿದರು. ನನ್ನ ಅರ್ಹತೆ ಅಷ್ಟೇ.

ಮೊದಲು ಮೇಡಂ ಅವರನ್ನು ಒಪ್ಪಿಸಬೇಕಲ್ಲ, ಗುಬ್ಬಿಗೆ ಹೋದೆ. ಮಗಳು ಅಳಿಯನ ಜೊತೆ ಇದ್ದಾರೆ. ಮಂಡಿ ಎರಡೂ ಹೋಗಿವೆ, ಕನ್ನಡಕದ ಹಿಂದಿನ ಕಣ್ಣು ಮಾತ್ರ ಹಾಗೇ ಇದೆ, ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, ಹೆಸರು ಹೇಳುವ ಮುಂಚೆಯೇ, "ಭಿನ್ನರಾಶಿ ಬಂತೇನೆ ಈಗ್ಲಾದ್ರೂ?" ಎಂದರು. ವಿಷಯ ಹೇಳಿದೆ. ಅವರು ಸೆರಗಿನ ಅಂಚನ್ನು ಮಡಚತೊಡಗಿದರು.

"ಬರ್ಬೇಕು ಅಂತ ತುಂಬಾ ಆಸೆ ಕಣೆ ಪಲ್ಲವಿ. ನೀವೆಲ್ಲ ಹೆಂಗಾಗಿದೀರೋ ಒಂದ್ಸಲ ಎದ್ರಿಗೆ ನೋಡ್ಬೇಕು. ಆದ್ರೆ ನಾನು ಮೂರು ವರ್ಷದಿಂದ ಯಾವ ಮದ್ವೆಗೂ ಹೋಗಿಲ್ಲ. ಶುಗರ್ರು, ಗಂಟೆಗೊಂದ್ಸಲ ಎದ್ದು ಹೋಗ್ಲೇಬೇಕು. ಮಂಡಿ ಬಗ್ಗಲ್ಲ. ನೀವು ಎಲ್ಲಾದ್ರೂ ಮಾಡ್ರಮ್ಮ, ಹತ್ರದಲ್ಲಿ ಕಮೋಡ್ ಒಂದಿದ್ರೆ ಬರ್ತೀನಿ. ಇಲ್ದಿದ್ರೆ ಮನೆಯಿಂದ್ಲೇ ಆಶೀರ್ವಾದ."

ಬೆಳ್ಳಿ ತಟ್ಟೆ ಕೇಳಲಿಲ್ಲ, ರೇಷ್ಮೆ ಸೀರೆ ಕೇಳಲಿಲ್ಲ. ಇಷ್ಟೂ ಮಾಡದಿದ್ದರೆ ನಾವು ಅವರ ಹತ್ತಿರ ಕಲಿತು ಏನು ಪ್ರಯೋಜನ ಎಂದುಕೊಂಡು, "ಅದು ನನ್ನ ಜವಾಬ್ದಾರಿ ಮೇಡಂ" ಎಂದು ಮಾತು ಕೊಟ್ಟು ಬಂದೆ.

ಸಮಿತಿಗೆ ವಿಷಯವನ್ನು ಬಿಡಿಸಿ ಹೇಳಿದೆ. 'ಸೌಕರ್ಯ', 'ವ್ಯವಸ್ಥೆ' ಎಂದೆಲ್ಲ ಸುತ್ತಿಬಳಸಿ ಹೇಳಿದರೆ ಗಂಡಸರು ಸ್ವಿಮ್ಮಿಂಗ್ ಪೂಲ್ ಎಂದುಕೊಳ್ಳುತ್ತಾರೆ ಎಂಬ ಅನುಭವ ನನಗಿದೆ. ಕಮೋಡ್ ಎಂದೇ ಹೇಳಿದೆ. ಚನ್ನೇಶ ಬಿದ್ದು ಬಿದ್ದು ನಕ್ಕ.

"ಪಲ್ಲವಿ, ಕಮೋಡ್ ವಿಷ್ಯ ನಂಗ್ ಹೇಳ್ತಾ ಇದೀಯಾ? ನಮ್ಮಂಗ್ಡಿ ಗೋಡೆ ಉದ್ದಕ್ಕೂ ಅವೇ ಕೂತವೆ. ಫಸ್ಟು ಜಾಗ ಫೈನಲ್ ಆಗ್ಲಿ ಬುಡು."

ಮೊದಲು ನೋಡಿದ್ದು ತುಮಕೂರಿನ ಹೊಸ ಕನ್ವೆನ್ಷನ್ ಹಾಲು. ಮ್ಯಾನೇಜರು ನಮ್ಮನ್ನು ದೇವಸ್ಥಾನ ಸುತ್ತಿಸಿದ ಹಾಗೆ ಸುತ್ತಿಸಿದ. ಇನ್ನೂರು ಕಾರು ನಿಲ್ಲಿಸುವ ಜಾಗ, ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ, ವೇದಿಕೆ ಮೇಲೆ ಸಿಂಹದ ಮುಖವಿರುವ ಬೆಳ್ಳಿ ಬಣ್ಣದ ಸಿಂಹಾಸನ. ಚನ್ನೇಶ ಆ ಸಿಂಹಾಸನದಲ್ಲಿ ಕುಳಿತು ಸೆಲ್ಫಿ ತೆಗೆದುಕೊಂಡ. ನಾನು ಕಮೋಡ್ ಎಲ್ಲಿದೆ ಎಂದು ಕೇಳಿದೆ. ಮ್ಯಾನೇಜರಿನ ಮುಖ ಸಣ್ಣಗಾಯಿತು.

"ಇಲ್ಲಿಗೆ ಎಂಥೆಂಥಾ ವಿಐಪಿಗಳು ಬಂದವ್ರೆ ಮೇಡಂ. ಇದ್ನ ಯಾರೂ ಕೇಳಿರ್ಲಿಲ್ಲ," ಎಂದ. ಆಮೇಲೆ, ಮೇಲಿನ ಮಹಡಿಯಲ್ಲಿ ವಧುವಿನ ಕೋಣೆಗೆ ಸೇರಿದಂತೆ ಒಂದಿದೆ ಎಂದು ಒಪ್ಪಿಕೊಂಡ. ಎರಡು ಸುತ್ತು ಮೆಟ್ಟಿಲು ಹತ್ತಬೇಕು.

"ಮೇಡಂನ ಎತ್ಕೊಂಡು ಹೋದ್ರಾಯ್ತು. ಗುರುಗಳಲ್ವಾ, ಹೆಗಲ ಮೇಲೆ ಹೊರೋದು ನಮ್ ಪುಣ್ಯ," ಎಂದ ಚನ್ನೇಶ.

"ಗಂಟೆಗೊಂದ್ಸಲ?" ಎಂದೆ. ಪುಣ್ಯಕ್ಕೂ ಒಂದು ಮಿತಿ ಇದೆ ಎಂದು ಅವನಿಗೆ ಹೊಳೆಯಿತು. ಕೊನೆಗೆ ಆ ಹಾಲು ಬಿಟ್ಟುಹೋದದ್ದು ಮೆಟ್ಟಿಲಿನ ಕಾರಣಕ್ಕಲ್ಲ, ನಮಗೆ ಬೇಕಾದ ಭಾನುವಾರ ಅಲ್ಲಿ ಯಾರದೋ ಮದುವೆ ಇತ್ತು.

ಎರಡನೆಯದು ಕುಣಿಗಲ್ ದಾಟಿ ಸ್ವಲ್ಪ ಒಳಗಿದ್ದ ರೆಸಾರ್ಟು. ಅಲ್ಲಿ ಕಮೋಡಿಗೆ ಬರವಿರಲಿಲ್ಲ, ಕಾಲಿಟ್ಟಲ್ಲೆಲ್ಲ ಇದ್ದವು. ನನಗೆ ಜೀವ ಬಂದಂತಾಯಿತು. ಆದರೆ ರೇಣುಕಾಪ್ರಸಾದ ನೇರ ಅಡುಗೆಮನೆಗೆ ನುಗ್ಗಿ ಒಲೆ ಎಣಿಸಿಕೊಂಡು ಬಂದ.

"ಒಂದೇ ಬಾಣ್ಲೇಲಿ ಕೋಳೀನೂ ಕರೀತಾರೆ, ಬೋಂಡಾನೂ ಕರೀತಾರೆ. ಲಿಂಗ ಕಟ್ಟಿದೋರು ಅರ್ಧ ಜನ ಇದೀವಿ, ನಾವು ಗಾಳಿ ಕುಡ್ಕೊಂಡು ಇರೋದಾ?"

ಇದು ಗುಂಪಿಗೆ ಹೋಯಿತು. ಇನ್ನರ್ಧ ಜನ, ರೆಸಾರ್ಟಿಗೆ ಹೋಗಿ ಅನ್ನ ಸಾರು ತಿನ್ನುವುದಾದರೆ ಮನೆಯಲ್ಲೇ ಇರುತ್ತೇವೆ ಎಂದರು. ಬಾಡೂಟದ ಪಕ್ಷ, ಸಾತ್ವಿಕ ಪಕ್ಷ ಎಂದು ಎರಡು ಬಣವಾಗಿ, ಮೂವತ್ತು ವರ್ಷದ ಹಿಂದೆ ಯಾರ ಬುತ್ತಿಯಿಂದ ಯಾರು ಮೊಟ್ಟೆ ಕದ್ದಿದ್ದರು ಎನ್ನುವವರೆಗೆ ಹೋಯಿತು. ಗುಬ್ಬಿಯಿಂದ ಅಲ್ಲಿಗೆ ಒಂದು ಗಂಟೆಗೂ ಮೀರಿದ ದಾರಿ, ಮೇಡಂ ಅಷ್ಟು ಹೊತ್ತು ಕಾರಿನಲ್ಲಿ ಕೂರಲಾರರು ಎಂದು ನಾನೂ ಬರೆದಿದ್ದೆ. ಅದಕ್ಕೆ ಒಬ್ಬರು ಗುಲಾಬಿ ಹೂವಿನ ಚಿತ್ರ ಹಾಕಿದರು. ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ.

ಮೂರನೆಯದು ಕೋರದ ತೋಟ. ಶಾಂತಿ ಕಾಪಾಡಲು ರೇಣುಕಾಪ್ರಸಾದನೇ ಮುಂದೆ ಬಂದ. ತೆಂಗಿನ ಸಾಲಿನ ನಡುವೆ ನಿಂತು, ಇಲ್ಲಿ ಶಾಮಿಯಾನ, ಅಲ್ಲಿ ಊಟದ ಪಂಕ್ತಿ, ಪ್ರಕೃತಿಯ ಮಡಿಲಲ್ಲಿ ಗುರುನಮನ ಎಂದು ಕೈ ಆಡಿಸಿ ತೋರಿಸಿದ. ನಾನು ನನ್ನ ಪ್ರಶ್ನೆ ಕೇಳಿದೆ. ಅವನು ಅದೇ ಕೈಯನ್ನು ಇನ್ನೂ ಅಗಲವಾಗಿ ಆಡಿಸಿದ.

"ಇಷ್ಟು ದೊಡ್ಡ ತೋಟ ಇದೆಯಲ್ಲ!"

ಲೆಕ್ಚರರ್ ಸಾಹೇಬರು ಇದನ್ನು ತಮಾಷೆಗೆ ಹೇಳಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಪಾತಿಯಲ್ಲಿ ಧೊಪ್ಪನೆ ಒಂದು ತೆಂಗಿನಕಾಯಿ ಬಿತ್ತು. ಚನ್ನೇಶ ತಲೆ ಮುಟ್ಟಿಕೊಂಡ. ತೋಟ ಅಲ್ಲಿಗೆ ಮುಗಿಯಿತು. ಗಂಡಸರ ತಲೆಗೆ ಅಪಾಯವಿದೆ ಎಂದಾಗ ತೀರ್ಮಾನಗಳು ಎಷ್ಟು ಬೇಗ ಆಗುತ್ತವೆ ನೋಡಿ.

ಕೊನೆಗೆ ಉಳಿದದ್ದು ಗುಬ್ಬಿಯ ಒಂದು ಹಳೇ ಕಲ್ಯಾಣಮಂಟಪ. ದೊಡ್ಡರಂಗಯ್ಯ ಎಂಬವರದು. ಅಪ್ಪಟ ಸಸ್ಯಾಹಾರದ ಅಡುಗೆ, ಬಾಡೂಟದ ಪಕ್ಷದವರು ಸಂಜೆ ಹೈವೇ ಕಡೆ ಹೋಗಬಹುದು. ಎಲ್ಲ ನೆಲಮಹಡಿಯಲ್ಲೇ, ಮೇಡಂ ಮನೆಯಿಂದ ಕಾರಿನಲ್ಲಿ ಐದೇ ನಿಮಿಷ. 'ಪೂಜ್ಯ ಮೇಡಂ ಅವರ ಅನುಕೂಲವೇ ನಮಗೆ ಮುಖ್ಯ' ಎಂದು ಚನ್ನೇಶ ಗುಂಪಿನಲ್ಲಿ ಬರೆದ. ಎಲ್ಲರೂ ಕೈಮುಗಿದರು.

ಹಿಂಭಾಗದಲ್ಲಿ ಹೆಂಗಸರ ಕಡೆ ಮೂರು ಕಕ್ಕಸುಗಳಿದ್ದವು, ಮೂರೂ ಕುಕ್ಕುರು ಕೂರುವಂಥವು. ನಾನು ಚನ್ನೇಶನ ಮುಖ ನೋಡಿದೆ. ಅವನು ದೊಡ್ಡರಂಗಯ್ಯನ ಹೆಗಲ ಮೇಲೆ ಕೈ ಹಾಕಿದ.

"ಯಜಮಾನ್ರೇ, ಒಂದನ್ನ ಒಡ್ದು ಕಮೋಡ್ ಕೂರ್ಸೋಣ. ಸಾಮಾನು, ಕೂಲಿ ಎಲ್ಲಾ ನಂದು. ನಮ್ ಗುರುಗಳಿಗೆ ನನ್ ಕೊಡುಗೆ."

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಆ ಕ್ಷಣ ಅವನ ಮೇಲೆ ನನಗೆ ಅಭಿಮಾನ ಉಕ್ಕಿತು. ಇಷ್ಟು ದಿನ ಅವನನ್ನು ಬೈದುಕೊಂಡೆನಲ್ಲ ಎಂದು ಬೇಜಾರೂ ಆಯಿತು. ಅಲ್ಲಿಂದಲೇ ಮೇಡಂ ಮನೆಗೆ ಹೋಗಿ ಹೇಳಿದೆ. ಅವರ ಮುಖ ಹೇಗೆ ಅರಳಿತು ಎಂದರೆ, ನಿವೃತ್ತಿಯ ದಿನ ಉಟ್ಟ ಸೀರೆ ಯಾವ ಟ್ರಂಕಿನಲ್ಲಿದೆ ಎಂದು ಆಗಲೇ ಮಗಳನ್ನು ಕೂಗಿ ಕೇಳಿದರು.

ಆ ಭಾನುವಾರ ಬೆಳಿಗ್ಗೆ ಮೇಡಂ ಅವರನ್ನು ಕರೆದುಕೊಂಡು ಬರುವ ಕೆಲಸ ನನ್ನದು. ಹೋದಾಗ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು, ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ನನಗೆ ಕಾಫಿ ಕೊಡಿಸಿದರು, ತಾವು ಕುಡಿಯಲಿಲ್ಲ.

"ನೀವು, ಮೇಡಂ?"

"ಬೇಡ ಕಣೆ. ರಾತ್ರಿ ಊಟ ಆದ್ಮೇಲಿಂದ ನೀರೂ ಮುಟ್ಟಿಲ್ಲ. ಹುಷಾರಲ್ಲಿರೋದು ಒಳ್ಳೇದು."

"ಅಯ್ಯೋ, ಶುಗರ್ ಇರೋರು ಹಂಗೆಲ್ಲ ಇರ್ಬಾರ್ದು. ಕಮೋಡ್ ಹಾಕ್ಸಿದೀವಲ್ಲ!"

"ಹಾಕ್ಸಿರ್ತೀರ, ಇಲ್ಲ ಅನ್ನಲ್ಲ. ಲೆಕ್ಕ ಮಾಡಿದ್ಮೇಲೆ ತಾಳೆ ನೋಡೋದು ನನ್ನಭ್ಯಾಸ," ಎಂದು ನಕ್ಕರು.

ಮಂಟಪದ ಬಾಗಿಲಲ್ಲಿ ಪೂರ್ಣಕುಂಭ, ವಾದ್ಯ, ಮೈಸೂರು ಪೇಟ. ಎಲ್ಲರೂ ಮೇಡಂ ಅವರನ್ನು ಮುತ್ತಿಕೊಂಡರು. ನಾನು ತಾಳೆ ನೋಡೋಣವೆಂದು ಹಿಂದಕ್ಕೆ ಹೋದೆ. ಹೆಂಗಸರ ಕಡೆಯ ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಒಳಗೆ ನೆಲವೆಲ್ಲ ಹೊಸ ಟೈಲ್ಸು, ಸಂದಿಯಲ್ಲಿ ಹಸಿ ಸಿಮೆಂಟು. ಆಚೆ ತುದಿಯಲ್ಲಿ, ಪ್ಲಾಸ್ಟಿಕ್ ಸುತ್ತಿದ ಬಿಳೀ ಕಮೋಡು ಗರ್ಭಗುಡಿಯ ದೇವರ ಹಾಗೆ ಕುಳಿತಿತ್ತು. ಅದರ ಮೇಲೆ ಗೋಡೆಯಲ್ಲಿ ಕರೀ ಗ್ರಾನೈಟ್ ಫಲಕ, ಚಿನ್ನದ ಬಣ್ಣದ ಅಕ್ಷರ: 'ಸಿದ್ದಗಂಗಮ್ಮ ಮೇಡಂ ಗುರುವಂದನೆಯ ಸವಿನೆನಪಿಗಾಗಿ. ದಾನಿಗಳು: ಚನ್ನೇಶ್, ಬಟವಾಡಿ.'

ದೊಡ್ಡರಂಗಯ್ಯ ಅಲ್ಲೇ ಕಾವಲು ನಿಂತಿದ್ದರು.

"ಇವತ್ತು ಯಾರೂ ಕಾಲಿಡಂಗಿಲ್ಲ ಕಣವ್ವ, ಟೈಲ್ಸ್ ಎದ್ದೋಯ್ತವೆ. ಒಂದು ಕಮೋಡ್ ಹಾಕ್ಸಣ ಅಂತ ಶುರು ಮಾಡಿದ್ದು. ಚನ್ನೇಶಪ್ಪಾರು ದೊಡ್ಡ ಮನ್ಸು ಮಾಡಿ, ಒಂದ್ಯಾಕೆ, ಪೂರ್ತಿ ನೆಲಾನೇ ಹೊಸ್ದು ಮಾಡಣ ಅಂದ್ರು. ಕಲ್ಲು ಕೆತ್ತೋನು ಫಲಕ ತರೋದು ತಡ ಮಾಡ್ದ, ಅದಕ್ಕೇ ಎರಡು ದಿನ ಕೆಲ್ಸ ನಿಂತೋಯ್ತು. ನಾಳೆ ಬನ್ನಿ, ಫಸ್ಟ್ ಕ್ಲಾಸಾಗಿರ್ತದೆ."

"ಹಂಗಾದ್ರೆ ಹೆಂಗಸ್ರು ಎಲ್ಲಿಗೆ ಹೋಗ್ಬೇಕು?"

"ಗಂಡಸ್ರುದ್ದು ಚೆನ್ನಾಗೈತೆ," ಎಂದರು ದೊಡ್ಡರಂಗಯ್ಯ. ಅದರಿಂದ ನನಗೇನು ಲಾಭ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಣಪನ್ನ ಮಾಡಲು ಹೋಗಿ ಅವರಪ್ಪನ್ನ ಮಾಡಿದರು ಅನ್ನುತ್ತಾರಲ್ಲ, ಹಾಗಾಯಿತು. ನಾನು ಒಂದು ಕಮೋಡು ಕೇಳಿದ್ದಕ್ಕೆ ಇದ್ದ ಮೂರೂ ಹೋದವು. ಚನ್ನೇಶನನ್ನು ವೇದಿಕೆಯ ಪಕ್ಕ ಹಿಡಿದೆ. ಅವನು ಮೈಕಿಗೆ ಫೂ ಫೂ ಎಂದು ಊದುತ್ತಿದ್ದ.

"ಒಂದಿನ ಅಡ್ಜಸ್ಟ್ ಮಾಡ್ಕೊಳ್ಳೆ ಪಲ್ಲವಿ. ಶಾಶ್ವತವಾಗಿ ಇರೋ ಕೆಲ್ಸ ಅದು. ಫಲಕ ನೋಡ್ದಾ?"

ಮೇಡಂ ಆಗಲೇ ವೇದಿಕೆ ಮೇಲಿದ್ದರು. ಬೆಳ್ಳಿ ಬಣ್ಣದ ಸಿಂಹಾಸನ ಇಲ್ಲಿಗೂ ಬಂದಿತ್ತು, ತುಮಕೂರಿನಿಂದ ಬಾಡಿಗೆಗೆ. ನಾನು ಹತ್ತಿ ಹೋಗಿ ಕಿವಿಯಲ್ಲಿ ವಿಷಯ ಹೇಳಿ, ಈಗಲೇ ಮನೆಗೆ ಹೋಗಿಬರೋಣ ಎಂದೆ. ಅವರು ಕೆಳಗೆ ಕುಳಿತವರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಇರ್ಲಿ ಬಿಡೆ. ಈಗ್ತಾನೆ ಕೂತಿದೀನಿ. ಅಗೋ ಅಲ್ಲಿ, ಕಂಬದ ಹತ್ರ, ಅದು ಹನುಮಮ್ಮ ಅಲ್ವಾ? ಎಷ್ಟು ಕೂದ್ಲು ಹಣ್ಣಾಗಿದೆ ನೋಡು ಹುಡ್ಗೀಗೆ."

ಎಲ್ಲರನ್ನೂ ಹೀಗೆ ಒಬ್ಬೊಬ್ಬರಾಗಿ ಹುಡುಕುತ್ತಿದ್ದರು. ನನಗೆ ಅವರನ್ನು ಎಬ್ಬಿಸುವ ಮನಸ್ಸಾಗಲಿಲ್ಲ.

ಆಮೇಲೆ ಎಬ್ಬಿಸಬೇಕೆಂದರೂ ಆಗಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ರತಿಯೊಬ್ಬರ ಜೊತೆ ಒಂದು ಫೋಟೋ. ಮನೆಯವರು ಬಂದಿದ್ದರೆ ಇನ್ನೊಂದು. ಮೊದಲ ಫೋಟೋದಲ್ಲಿ ಮೇಡಂ ನಗುತ್ತಿದ್ದರು, ಹೋಗುತ್ತ ಹೋಗುತ್ತ ತುಟಿ ಒಣಗಿ ಅಂಟಿಕೊಂಡಿತು, ಎರಡು ಕೈಯಲ್ಲೂ ಸಿಂಹದ ತಲೆಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಯಾರೋ ಎಳನೀರು ತಂದುಕೊಟ್ಟರು. ಮೇಡಂ ಅದನ್ನು ಕಾಲ ಬಳಿ ಇಟ್ಟರು. ನಾನು ಎರಡು ಸಲ ವೇದಿಕೆ ಹತ್ತಿದೆ. ಎರಡು ಸಲವೂ ಫೋಟೋದವನು, "ಅಕ್ಕಾ, ಫ್ರೇಮಿಗೆ ಬರ್ತಾ ಇದೀರ, ಸೈಡಿಗೆ ಹೋಗಿ," ಎಂದು ಇಳಿಸಿದ.

ಚನ್ನೇಶನ ಭಾಷಣ ಕೊನೆಗೆ ಬಂತು. ಗುರು ಬ್ರಹ್ಮದಿಂದ ಶುರು ಮಾಡಿದ, ನಡುವೆ ತನ್ನ ಅಂಗಡಿಯ ಎರಡನೇ ಶಾಖೆಯನ್ನೂ ಮುಟ್ಟಿ, ಮೇಡಂ ಕಡೆ ಕೈ ಚಾಚಿದ.

"ಬಂಧುಗಳೇ, ಈವತ್ತಿನ ಟೀಚರ್‌ಗಳನ್ನ ನೋಡ್ತೀವಿ. ಕೈಯಲ್ಲಿ ನೀರಿನ ಬಾಟ್ಲು ಇಲ್ದೆ ಕ್ಲಾಸಿಗೇ ಬರಲ್ಲ. ನಮ್ಮ ಮೇಡಂ? ಬೆಳಿಗ್ಗೆ ಹತ್ತು ಗಂಟೆಗೆ ಸೀಮೆಸುಣ್ಣ ಹಿಡಿದ್ರೆ ಸಂಜೆ ಬೆಲ್ಲು ಹೊಡ್ಯೋ ತನಕ ಒಂದು ಲೋಟ ನೀರು ಕುಡಿದಿದ್ದು ಯಾರಾದ್ರೂ ನೋಡಿದೀರಾ? ಇಲ್ಲ! ಅದು ನಿಷ್ಠೆ! ಅದು ತಪಸ್ಸು!"

ಚಪ್ಪಾಳೆ ಸೂರು ಹಾರುವ ಹಾಗೆ ಬಿತ್ತು. ನಾನೂ ಕೈ ಎತ್ತಿದ್ದೆ, ಹಾಗೇ ನಿಂತುಬಿಟ್ಟಿತು. ನಮ್ಮ ಹೈಸ್ಕೂಲಿನ ಹಿಂದೆ ಲಂಟಾನ ಪೊದೆ ಇತ್ತು. ಹುಡುಗಿಯರು ಒಬ್ಬಳನ್ನು ಕಾವಲು ನಿಲ್ಲಿಸಿ ಅಲ್ಲಿಗೆ ಹೋಗುತ್ತಿದ್ದೆವು. ಮೇಡಂ ಎಲ್ಲಿಗೆ ಹೋಗುತ್ತಾರೆ ಎಂದು ನಮ್ಮಲ್ಲಿ ಒಬ್ಬಳಿಗೂ ಒಂದು ದಿನವೂ ಹೊಳೆದಿರಲಿಲ್ಲ.

ಮೇಡಂ ಕೈ ಚಾಚಿದರು, ಸೀಮೆಸುಣ್ಣ ಕೇಳುವ ಹಾಗೆ. ಚನ್ನೇಶ ಆಶೀರ್ವಚನ ಎಂದುಕೊಂಡು ಬಗ್ಗಿ ಮೈಕ್ ಕೊಟ್ಟ.

"ಚನ್ನೇಶ ಹೇಳಿದ್ದು ನಿಜ. ನೀರು ಕುಡೀತಿರ್ಲಿಲ್ಲ," ಎಂದರು. ಧ್ವನಿ ಒಣಗಿತ್ತು, ಆದರೆ ಕೊನೇ ಬೆಂಚಿಗೂ ಕೇಳುವ ಹಳೇ ಧ್ವನಿಯೇ. "ನಿಷ್ಠೆ ಗಿಷ್ಠೆ ಏನೂ ಅಲ್ಲ ಕಣ್ರಪ್ಪ. ಆ ಸ್ಕೂಲಲ್ಲಿ ಹೆಂಗಸ್ರಿಗೆ ಕಕ್ಕಸಿರ್ಲಿಲ್ಲ. ಅಲ್ಲಿರೋ ತನ್ಕ ಹಂಗೇ ಕಳ್ದೆ. ಎರಡು ಸಲ ಕಿಡ್ನೀಲಿ ಕಲ್ಲಾಯ್ತು. ಇವತ್ತೂ ಕುಡ್ದಿಲ್ಲ, ಯಾಕಂದ್ರೆ ಇಲ್ಲೂ ಇಲ್ಲ. ನಿಮ್ಮನ್ನೆಲ್ಲ ನೋಡಿದ್ದು ತುಂಬಾ ಸಂತೋಷ ಆಯ್ತು. ನಾನೀಗ ಅರ್ಜೆಂಟಾಗಿ ಮನೆಗೆ ಹೋಗ್ಬೇಕು."

ಮುಂದಿನ ಸಾಲಿನಲ್ಲಿದ್ದ ಹೆಂಗಸರು ಯಾರ ಮುಖವನ್ನೂ ನೋಡದೆ ನೆಲ ನೋಡುತ್ತಿದ್ದರು. ಚನ್ನೇಶ ಮೈಕ್ ತೆಗೆದುಕೊಂಡ. ಮೈಕ್ ಕೈಗೆ ಬಂದರೆ ಅವನಿಗೆ ಎಲ್ಲಿಂದಲೋ ಧೈರ್ಯ ಬರುತ್ತದೆ.

"ನಮ್ಮ ಮೇಡಂ ಹಾಸ್ಯಪ್ರಜ್ಞೆ ಇವತ್ತಿಗೂ ಹಂಗೇ ಇದೆ! ಜೋರಾದ ಚಪ್ಪಾಳೆ!"

ಚಪ್ಪಾಳೆ ಬಿತ್ತು. ಆ ಸದ್ದಿನಲ್ಲೇ ನಾನು ಮೇಡಂ ಅವರ ತೋಳು ಹಿಡಿದು ಇಳಿಸಿದೆ. ಫೋಟೋದವನು ಮತ್ತೆ ಬಾಯಿ ತೆಗೆದ, ನನ್ನ ಮುಖ ನೋಡಿ ಮುಚ್ಚಿಕೊಂಡ. ಪೇಟವನ್ನು ಕಾರಿನ ಹಿಂದಿನ ಸೀಟಿಗೆ ಎಸೆದು ಹೊರಟೆ. ದಾರಿಯಲ್ಲಿ ಮೇಡಂ ಕಣ್ಣು ಮುಚ್ಚಿಕೊಂಡು, "ಹಂಪಿನ ಮೇಲೆ ನಿಧಾನ ಕಣೆ," ಎಂದರು.

ಮನೆಯಲ್ಲಿ ಅವರು ಬಚ್ಚಲಿನಿಂದ ಬಂದು ಕುಳಿತು, ಒಂದು ಚೊಂಬು ನೀರನ್ನು ಎತ್ತಿ ಗಟಗಟನೆ ಕುಡಿದರು. ಇನ್ನೊಂದು ಚೊಂಬು ತುಂಬಿಸಲು ನಾನು ಎದ್ದಾಗ ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು. ರೂಪಶ್ರೀ, ಹನುಮಮ್ಮ, ಹಿಂದೆ ಇನ್ನಿಬ್ಬರು. ರೂಪಶ್ರೀ ಈಗ ಕುಣಿಗಲ್ ಕಡೆ ಒಂದು ಹಳ್ಳಿ ಶಾಲೆಯಲ್ಲಿ ಟೀಚರು.

"ಮೇಡಂ ಹೆಂಗಿದಾರೆ ನೋಡ್ಕೊಂಡು ಹೋಗಣ ಅಂತ ಬಂದ್ವಿ," ಎಂದಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

ಮೇಡಂ ಅವಳನ್ನು ಒಮ್ಮೆ ದಿಟ್ಟಿಸಿದರು. "ನೀನೂ ಕುಡಿಯಲ್ವೇನೆ, ಸ್ಕೂಲಲ್ಲಿ?"

ರೂಪಶ್ರೀ ಕಣ್ಣು ತುಂಬಿಕೊಂಡಳು. ಮೇಡಂ ಬಚ್ಚಲ ಕಡೆ ಕೈ ತೋರಿಸಿದರು. "ಹೋಗು. ಒಬ್ಬೊಬ್ರಾಗಿ ಹೋಗಿ, ನೂಕಾಡ್ಬೇಡಿ."

ಸ್ವಲ್ಪ ಹೊತ್ತಿಗೆ ಇನ್ನೊಂದು ಆಟೋ ಬಂತು, ಆಮೇಲೆ ನಡೆದುಕೊಂಡೇ ಮೂವರು. ಎಲ್ಲರೂ ಮೇಡಂ ಆರೋಗ್ಯ ವಿಚಾರಿಸಲೆಂದೇ ಬಂದವರು, ಎಲ್ಲರ ಕಣ್ಣೂ ಬಚ್ಚಲಿನ ಬಾಗಿಲ ಮೇಲೆ. ನಡುಮನೆಯಿಂದ ಅಂಗಳದವರೆಗೆ ಸಾಲು ಬೆಳೆಯಿತು. ಸಾಲಿನಲ್ಲಿ ನಿಂತವರನ್ನು ಮೇಡಂ ಒಬ್ಬೊಬ್ಬರನ್ನೇ ಮಾತಾಡಿಸಿದರು, ಎಷ್ಟು ಮಕ್ಕಳು, ಗಂಡ ಏನು ಮಾಡುತ್ತಾನೆ, ನಿನ್ನ ಅಕ್ಷರ ಈಗಲಾದರೂ ಸುಧಾರಿಸಿತೇ ಎಂದು. ಮುಖದಲ್ಲಿ ಬೆಳಗಿನ ನಗು ವಾಪಸು ಬಂದಿತ್ತು. ನಾನು ಎಲ್ಲರಿಗೂ ಜಾಗ ಬಿಟ್ಟುಕೊಡುತ್ತ ಹೋಗಿ ಕೊನೆಯವಳಾಗಿದ್ದೆ.

ಅಷ್ಟರಲ್ಲಿ ಚನ್ನೇಶನ ಫೋನು.

"ಏನೇ ಪಲ್ಲವಿ, ಲೇಡೀಸೆಲ್ಲ ಎಲ್ಲಿಗೋದ್ರಿ? ಗ್ರೂಪ್ ಫೋಟೋಗೆ ಬರೀ ಗಂಡಸ್ರೇ ನಿಂತಿದೀವಿ ಇಲ್ಲಿ."

"ಮೇಡಂ ಮನೇಲಿ ಇದೀವಿ."

"ಅಲ್ಲೇನ್ ಮಾಡ್ತಾ ಇದೀರಾ?"

"ಸಾಲಲ್ಲಿ ನಿಂತಿದೀವಿ."

ಫೋನಲ್ಲಿ ಯಾರು ಎಂದು ಮೇಡಂ ಸನ್ನೆ ಮಾಡಿ ಕೇಳಿದರು. ಹೇಳಿದೆ.

"ಗಂಡಸ್ರೂ ಬರ್ಬೋದು ಅನ್ನು. ಜಾಗ ಚಿಕ್ಕದು, ಹೆಂಗಸ್ರದ್ದು ಮುಗಿಯೋ ತನಕ ಹೊರಗೆ ನಿಂತಿರ್ಬೇಕು," ಎಂದರು ಮೇಡಂ.

ಹಾಗೇ ಹೇಳಿ ಫೋನಿಟ್ಟೆ. ಒಳಗೆ ಚಿಲಕ ತೆಗೆದ ಸದ್ದಾಯಿತು, ನನ್ನ ಮುಂದಿದ್ದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನನ್ನ ಸರದಿ ಬಂದಿತ್ತು.